ಬೆಳಗ್ಗೆ ಕಾರು ಎಳೆಯುತ್ತಿಲ್ಲವೇ? ತಣ್ಣಗಿರುವಾಗ ಪಿಕಪ್ ಇಲ್ಲದ ಕಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಮೊದಲ ಐದು ನಿಮಿಷ ಪಿಕಪ್ ಇರಲ್ಲ, ಆಮೇಲೆ ಸರಿಹೋಗುತ್ತೆ. ಚಳಿಗೆ ಹೀಗಾಗೋದು ಸಹಜ ಅಲ್ವಾ?

ಒಂದು ಮಟ್ಟಕ್ಕೆ ಸಹಜ. ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷ, ಒಂದು ನಿಮಿಷ ಇಂಜಿನ್ 1200ರಿಂದ 1500 ಆರ್‌ಪಿಎಂನಲ್ಲಿ ಜೋರಾಗಿ ಓಡುತ್ತಿರುತ್ತದೆ, ಆದರೂ ಸ್ವಲ್ಪ ಮಂಕಾಗಿರುತ್ತದೆ. ಅದು ಬೇಕಂತಲೇ ಮಾಡಿರುವುದು. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಹೊಗೆಯನ್ನು ಶುದ್ಧ ಮಾಡುವುದಿಲ್ಲ. ಅದನ್ನು ಬೇಗ ಕಾಯಿಸಲು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕಿಡಿಯನ್ನು ತಡವಾಗಿ ಕೊಡುತ್ತದೆ. ಆಗ ಶಕ್ತಿಯ ಒಂದು ಪಾಲು ಚಕ್ರಕ್ಕೆ ಹೋಗದೆ ಬಿಸಿಯಾಗಿ ಹೊರಗೆ ಹೋಗುತ್ತದೆ.

ಆದರೆ ಆಕ್ಸಿಲರೇಟರ್ ಒತ್ತಿದರೆ ತಡವರಿಸುವುದು, ಜರ್ಕ್ ಹೊಡೆಯುವುದು, ಫಸ್ಟ್ ಗೇರಲ್ಲಿ ಆಫ್ ಆಗುವುದು, ಮನೆ ಮುಂದಿನ ಸಣ್ಣ ಏರು ಹತ್ತುವುದಕ್ಕೂ ಒದ್ದಾಡುವುದು, ಇವೆಲ್ಲ ಸಹಜ ಅಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಅಂದರೆ ಸುಮಾರು 15–16 ಡಿಗ್ರಿ. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯ ಊರುಗಳಲ್ಲೂ ಇಂಥವೇ ಇಂಜಿನ್‌ಗಳು ಚೆನ್ನಾಗಿ ಓಡುತ್ತವೆ. ನಮ್ಮ ಚಳಿಗೇ ಕಾರು ಏದುಸಿರು ಬಿಡುತ್ತಿದ್ದರೆ ಯಾವುದೋ ಒಂದು ಭಾಗ ಕೈಕೊಟ್ಟಿದೆ, ಅದನ್ನು ಹುಡುಕಬೇಕು.

ತಣ್ಣಗಿದ್ದಾಗಲೇ ಯಾಕೆ ಈ ಕಷ್ಟ?

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯ ಜೊತೆ ಸೇರಿದರೇ ಉರಿಯುವುದು. ಇಂಜಿನ್ ತಣ್ಣಗಿರುವಾಗ ಇಂಜೆಕ್ಟರ್ ಸಿಂಪಡಿಸಿದ ಪೆಟ್ರೋಲ್‌ನ ಒಂದು ಭಾಗ, ಇಡ್ಲಿ ಪಾತ್ರೆ ಮುಚ್ಚಳದ ಒಳಗೆ ನೀರು ಕೂರುವ ಹಾಗೆ, ಇನ್‌ಟೇಕ್ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಸಿಲಿಂಡರ್‌ಗೆ ಸೇರುವುದು ಕಮ್ಮಿ. ಅದಕ್ಕೇ ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಚೋಕ್ ಎಳೆದು ಈ ಕೆಲಸವನ್ನು ನಾವೇ ಮಾಡುತ್ತಿದ್ದೆವು. ಈಗ ಇಸಿಯು ಮಾಡುತ್ತದೆ. ಎಷ್ಟು ಜಾಸ್ತಿ ಕೊಡಬೇಕು ಅನ್ನುವುದನ್ನು ಅದು ಮುಖ್ಯವಾಗಿ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಸೆನ್ಸಾರ್ ಹೇಳಿದ ಉಷ್ಣತೆ ನೋಡಿ ತೀರ್ಮಾನಿಸುತ್ತದೆ.

ಇನ್ನೊಂದು ವಿಷಯ. ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆದು ತಪ್ಪು ತಿದ್ದುವ ಸೆನ್ಸಾರ್ ಸುಮಾರು 300 ಡಿಗ್ರಿ ಬಿಸಿಯಾಗುವ ತನಕ ಕೆಲಸ ಮಾಡುವುದಿಲ್ಲ. ಅಲ್ಲಿಯವರೆಗೆ ಇಸಿಯು ಅಂದಾಜಿನ ಮೇಲೆ ಇಂಜಿನ್ ನಡೆಸುತ್ತದೆ. ಆ ಅಂದಾಜು ತಪ್ಪಾದರೆ ತಿದ್ದುವವರು ಯಾರೂ ಇಲ್ಲ. ಬಿಸಿಯಾದ ಮೇಲೆ ಕಾರು ತಾನೇ ಸರಿಹೋಗುವುದಕ್ಕೆ ಇದೂ ಒಂದು ಕಾರಣ.

ಗ್ಯಾರೇಜಿಗೆ ಒಯ್ದರೆ "ಏನೂ ಪ್ರಾಬ್ಲಂ ಇಲ್ಲ ಸರ್, ಚೆನ್ನಾಗೇ ಎಳೀತಿದೆ" ಅಂತಾರೆ. ಏನು ಮಾಡಲಿ?

ಅವರು ಸುಳ್ಳು ಹೇಳುತ್ತಿಲ್ಲ. ನೀವು ಗ್ಯಾರೇಜ್ ಮುಟ್ಟುವಷ್ಟರಲ್ಲಿ ಇಂಜಿನ್ ಕಾದಿರುತ್ತದೆ, ತೊಂದರೆ ಹೋಗಿರುತ್ತದೆ. ಇಂಥ ಕಾರಿಗೆ ಮಾಡಲೇಬೇಕಾದ ಕೆಲಸ ಅಂದರೆ ಹಿಂದಿನ ದಿನ ಸಂಜೆಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುವುದು. "ಬೆಳಗ್ಗೆ ನಾನು ಬರುವ ತನಕ ಯಾರೂ ಸ್ಟಾರ್ಟ್ ಮಾಡಬೇಡಿ, ಸ್ಕ್ಯಾನರ್ ಹಾಕಿಕೊಂಡೇ ಮೊದಲ ಸಲ ಸ್ಟಾರ್ಟ್ ಮಾಡೋಣ" ಅಂತ ಸ್ಪಷ್ಟವಾಗಿ ಹೇಳಿ. ಜಾಗ ಸರಿಸಲಿಕ್ಕೆ ಅಂತ ಹುಡುಗರು ಏಳು ಗಂಟೆಗೇ ಒಂದು ಸಲ ಸ್ಟಾರ್ಟ್ ಮಾಡಿಬಿಟ್ಟರೆ ಆ ದಿನ ದಂಡ.

ಆಗಲ್ಲ ಅಂದರೆ ಮನೆಯಲ್ಲೇ ಬೆಳಗ್ಗೆ ಮೊಬೈಲಲ್ಲಿ ವಿಡಿಯೋ ಮಾಡಿ. ಮೀಟರ್ ಬೋರ್ಡ್ ಕಾಣಬೇಕು, ಆರ್‌ಪಿಎಂ ಮುಳ್ಳು ಕಾಣಬೇಕು, ಸದ್ದು ಕೇಳಬೇಕು. ಹೊಗೆಯ ಬಣ್ಣವನ್ನೂ ಹಿಡಿಯಿರಿ. ಬಿಸಿ ಇಂಜಿನ್ ನೋಡಿ ಊಹೆಯ ಮೇಲೆ ಪ್ಲಗ್ ಬದಲಿಸು, ಕಾಯಿಲ್ ಬದಲಿಸು, ಪಂಪ್ ಬದಲಿಸು ಅಂತ ಹೊರಟರೆ ಸಾವಿರಗಟ್ಟಲೆ ಹೋಗುತ್ತದೆ, ತೊಂದರೆ ಅಲ್ಲೇ ಉಳಿಯುತ್ತದೆ.

ಬಾನೆಟ್ ತೆಗೆಯುವ ಮೊದಲೇ ನೋಡಬೇಕಾದ್ದು ಏನಾದರೂ ಇದೆಯಾ?

ಇದೆ, ಬ್ರೇಕ್. ಮಳೆಗಾಲದಲ್ಲಿ ಅಥವಾ ಸಂಜೆ ಗಾಡಿ ತೊಳೆದು ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರೆ ಹಿಂದಿನ ಡ್ರಮ್‌ಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಬೆಳಗ್ಗೆ ಗಾಡಿ ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಹೋಗುತ್ತದೆ, "ಟಕ್" ಅಂತ ಬಿಟ್ಟ ಮೇಲೆ ಸರಿ. ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ದಿನ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ, ಫಸ್ಟ್ ಗೇರಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ ನೋಡಿ. ಆಗ ಗಾಡಿ ಚೆನ್ನಾಗಿ ಓಡಿದರೆ ಇಂಜಿನ್‌ನ ತಪ್ಪಲ್ಲ. ಟೈರ್ ಗಾಳಿಯನ್ನೂ ಬೆಳಗ್ಗೆ ತಣ್ಣಗಿರುವಾಗಲೇ ಹಾಕಿಸಿ.

ಸ್ಕ್ಯಾನರ್ ನಾನೇ ಕೊಳ್ಳಬಹುದಾ? ಅದರಲ್ಲಿ ಏನು ನೋಡಬೇಕು?

ಕೊಳ್ಳಿ. ಇಎಲ್‌ಎಂ 327 ಅನ್ನುವ ಬ್ಲೂಟೂತ್ ಒಬಿಡಿ ಅಡಾಪ್ಟರ್, ಅಂದರೆ ಇಸಿಯು ಕೊಡುವ ಅಂಕಿ, ಕೋಡ್‌ಗಳನ್ನು ಓದುವ ಸಾಧನ, ಕಮ್ಮಿ ಬೆಲೆಗೆ ಸಿಗುತ್ತದೆ, ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡರೆ ಸಾಕು. ಸುಮಾರು 2013ರ ನಂತರದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ, ನಿಮ್ಮ ಮೊಣಕಾಲಿನ ಹತ್ತಿರ ಎಲ್ಲೋ 16 ಪಿನ್ನಿನ ಸಾಕೆಟ್ ಇರುತ್ತದೆ.

ಈಗ ಕೆಲಸ. ಗಾಡಿ ರಾತ್ರಿಯಿಡೀ, ಕನಿಷ್ಠ ಎಂಟು ಗಂಟೆ ನಿಂತಿರಬೇಕು. ಬೆಳಗ್ಗೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಆ್ಯಪ್‌ನಲ್ಲಿ ಎರಡು ಅಂಕಿ ತೆಗೆಯಿರಿ: ಕೂಲೆಂಟ್ ಉಷ್ಣತೆ, ಒಳಗೆ ಬರುವ ಗಾಳಿಯ ಉಷ್ಣತೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡೂ ಹೊರಗಿನ ಹವೆಗೆ ಹತ್ತಿರ ಇರಲೇಬೇಕು. ಹೊರಗೆ 16 ಇದ್ದರೆ ಕೂಲೆಂಟ್ 17, ಗಾಳಿ 18, ಹೀಗೆ. ಮೂರ್ನಾಲ್ಕು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಅದರ ಬದಲು ಕೂಲೆಂಟ್ 45 ಅಂತ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆಯೇ. ಇಂಜಿನ್ ಆಗಲೇ ಬೆಚ್ಚಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಕಮ್ಮಿ ಕೊಡುತ್ತಿದೆ. ಮೈನಸ್ 40 ಅಂತ ಬಂದರೆ ಸಾಮಾನ್ಯವಾಗಿ ಸೆನ್ಸಾರ್‌ನ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ.

ಇದಾದ ಮೇಲೆ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಫ್ಯೂಯಲ್ ಟ್ರಿಮ್ ನೋಡಿ. ಇಸಿಯು ತನ್ನ ಅಂದಾಜಿಗೆ ಎಷ್ಟು ಶೇಕಡಾ ಕೂಡಿಸುತ್ತಿದೆ, ಕಳೆಯುತ್ತಿದೆ ಅನ್ನುವ ಲೆಕ್ಕ ಅದು. ಶಾರ್ಟ್ (ಆ ಕ್ಷಣದ ತಿದ್ದುಪಡಿ) ಮತ್ತು ಲಾಂಗ್ (ನಿಧಾನವಾಗಿ ಕಲಿತ ತಿದ್ದುಪಡಿ) ಎರಡನ್ನೂ ಕೂಡಿಸಿ ಹತ್ತರ ಒಳಗಿದ್ದರೆ ಚಿಂತೆ ಬೇಡ. ಐಡ್ಲಿಂಗ್‌ನಲ್ಲಿ ಪ್ಲಸ್ 20, 25 ಇದ್ದು, 2500 ಆರ್‌ಪಿಎಂಗೆ ರೇಸ್ ಮಾಡಿದಾಗ ಇಳಿದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು, ಏರು ಹತ್ತುವಾಗ ಪ್ಲಸ್ ಕಡೆ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ, ಅಂದರೆ ಫಿಲ್ಟರ್ ಅಥವಾ ಪಂಪ್ ಮೇಲೆ ಅನುಮಾನ. ಓಡಿಸುವಾಗ ಈ ಅಂಕಿಗಳನ್ನು ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ.

ಕೂಲೆಂಟ್ ಸೆನ್ಸಾರ್ ಹಾಳಾಗಿದೆ ಅಂತ ಖಚಿತ ಮಾಡಿಕೊಳ್ಳೋದು ಹೇಗೆ?

ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮಲ್ಟಿಮೀಟರ್ ಇದ್ದರೆ ಸೆನ್ಸಾರ್‌ನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ತುಂಬಾ ಕಾರುಗಳಲ್ಲಿ 20 ಡಿಗ್ರಿಗೆ 2ರಿಂದ 3 ಕಿಲೋ ಓಮ್ ಇರುತ್ತದೆ, 80 ಡಿಗ್ರಿಗೆ 300 ಓಮ್ ಆಸುಪಾಸಿಗೆ ಇಳಿಯುತ್ತದೆ. ಬಿಸಿಯಾದಷ್ಟೂ ಅಂಕಿ ಒಂದೇ ಸಮನೆ ಇಳಿಯಬೇಕು, ನಡುವೆ ಜಿಗಿಯಬಾರದು. ಕೀ ಆನ್ ಮಾಡುತ್ತಿದ್ದ ಹಾಗೇ, ಇಂಜಿನ್ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದರೆ ಅದೂ ಒಂದು ಸುಳಿವು: ಸೆನ್ಸಾರ್ ಕೈಕೊಟ್ಟಾಗ ಇಂಜಿನ್ ಕಾಪಾಡಲು ಹಲವು ಕಾರುಗಳು ಫ್ಯಾನನ್ನು ಸುಮ್ನೆ ಓಡಿಸುತ್ತವೆ.

ಇದು ದೊಡ್ಡ ಬೆಲೆಯ ವಸ್ತು ಅಲ್ಲ. ಕಂಪನಿಯದ್ದೇ ಹಾಕಿಸಿ. ಬಿಸಿ ಇಂಜಿನ್‌ನಲ್ಲಿ ಮಾತ್ರ ಬಿಚ್ಚಬೇಡಿ, ಕುದಿಯುವ ಕೂಲೆಂಟ್ ಕೈಮೇಲೆ ಹಾರುತ್ತದೆ.

"ನಮ್ಮ ಸೆಕೆಗೆ ಥರ್ಮೋಸ್ಟ್ಯಾಟ್ ಬೇಡ, ತೆಗೆದುಬಿಡ್ತೀನಿ" ಅಂತ ಮೆಕ್ಯಾನಿಕ್ ಹೇಳಿದ್ರು. ತೆಗೆಸಲಾ?

ಖಂಡಿತ ಬೇಡ. ಈ ಸಲಹೆಯಿಂದ ಎಷ್ಟೋ ಒಳ್ಳೆಯ ಇಂಜಿನ್‌ಗಳು ಸವೆದಿವೆ. ಥರ್ಮೋಸ್ಟ್ಯಾಟ್ ಅನ್ನುವುದು ಒಂದು ಬಾಗಿಲು. ಇಂಜಿನ್ ಸುಮಾರು 82ರಿಂದ 88 ಡಿಗ್ರಿ ಮುಟ್ಟುವ ತನಕ ಕೂಲೆಂಟ್ ರೇಡಿಯೇಟರ್ ಕಡೆ ಹೋಗದಂತೆ ತಡೆಯುತ್ತದೆ. ತೆಗೆದರೆ ಮೊದಲ ನಿಮಿಷದಿಂದಲೇ ಕೂಲೆಂಟ್ ತಣ್ಣಗಾಗುತ್ತಾ ಹೋಗುತ್ತದೆ, ಐದು ನಿಮಿಷದಲ್ಲಿ ಕಾಯಬೇಕಾದ ಇಂಜಿನ್ ಇಪ್ಪತ್ತು ನಿಮಿಷವಾದರೂ ಕಾಯುವುದಿಲ್ಲ. ಅಷ್ಟು ಹೊತ್ತೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪಿಕಪ್ ಇರುವುದಿಲ್ಲ, ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ.

ಥರ್ಮೋಸ್ಟ್ಯಾಟ್ ತೆರೆದ ಸ್ಥಿತಿಯಲ್ಲೇ ಅಂಟಿಕೊಂಡರೂ ಇದೇ ಕಥೆ. ಹೈವೇಯಲ್ಲಿ ಓಡುವಾಗ ಉಷ್ಣತೆಯ ಮುಳ್ಳು ಕೆಳಗಿಳಿಯುವುದು, ಹೀಟರ್ ಹಾಕಿದರೆ ಉಗುರು ಬೆಚ್ಚಗಿನ ಗಾಳಿ ಬರುವುದು, ಸ್ಕ್ಯಾನರ್‌ನಲ್ಲಿ ಪಿ0128 ಕೋಡ್, ಇವು ಅದರ ಗುರುತು. ತಣ್ಣಗಿನ ಕಾರು ಸ್ಟಾರ್ಟ್ ಮಾಡಿ ರೇಡಿಯೇಟರ್‌ಗೆ ಹೋಗುವ ಪೈಪನ್ನು ಆಗಾಗ ಮುಟ್ಟಿ ನೋಡಿ. ಸಾಮಾನ್ಯವಾಗಿ ಅದು ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಮೊದಲಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟ್ಯಾಟ್ ಬದಲಿಸಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಶಾಲು, ಸೆರಗು, ಬೆರಳು ದೂರ ಇರಲಿ.

ತಣ್ಣಗಿದ್ದಾಗ ಗಾಡಿ ಮಿಸ್ಸಿಂಗ್ ಹೊಡೆಯುತ್ತೆ, ನಡುಗುತ್ತೆ. ಪ್ಲಗ್ ಬದಲಿಸಿದರೆ ಆಯ್ತಾ?

ಪ್ಲಗ್ ಹಳೆಯದಾಗಿದ್ದರೆ ಬದಲಿಸಿ, ಅದರಲ್ಲಿ ಎರಡು ಮಾತಿಲ್ಲ. ಸಾದಾ ಪ್ಲಗ್ 20–30 ಸಾವಿರ ಕಿಲೋಮೀಟರ್‌ಗೆ ಸವೆದಿರುತ್ತದೆ, ಇರಿಡಿಯಂ ಪ್ಲಗ್ ಕೆಲವು ಕಾರುಗಳಲ್ಲಿ ಒಂದು ಲಕ್ಷದವರೆಗೂ ಬರುತ್ತದೆ. ಗ್ಯಾಪ್ ಎಷ್ಟಿರಬೇಕು ಅಂತ ಓನರ್ಸ್ ಮ್ಯಾನ್ಯುಯಲ್ ನೋಡಿ.

ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಯಾವ ಸಿಲಿಂಡರ್‌ದು ಅಂತ ಸ್ಕ್ಯಾನರ್‌ನ ಕೋಡ್ ಹೇಳುತ್ತದೆ: ಪಿ0301 ಅಂದರೆ ಒಂದನೆಯದು, ಪಿ0302 ಅಂದರೆ ಎರಡನೆಯದು. ಪ್ರತಿ ಪ್ಲಗ್ ಮೇಲೂ ಬೇರೆ ಬೇರೆ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಇರುವ ಕಾರಾದರೆ ಒಂದು ಸುಲಭ ಪರೀಕ್ಷೆ ಇದೆ. ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ ಹಾಕಿ, ಎರಡನೆಯದನ್ನು ಒಂದನೆಯದರ ಜಾಗಕ್ಕೆ ತನ್ನಿ, ಕೋಡ್ ಅಳಿಸಿ, ಮಾರನೆಯ ಬೆಳಗ್ಗೆ ನೋಡಿ. ಪಿ0301 ಇದ್ದದ್ದು ಪಿ0302 ಆದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ಕಡೆ ನೋಡಬೇಕು. ಖರ್ಚು ಸೊನ್ನೆ.

ಮಳೆಗಾಲದಲ್ಲಿ ಮಾತ್ರ ಬರುವ ಮಿಸ್ಸಿಂಗ್‌ಗೆ ಕಾಯಿಲ್‌ನ ರಬ್ಬರ್ ಬೂಟ್‌ನಲ್ಲಿ ಬಿರುಕು ಇದ್ದು ತೇವ ಕೂರುವುದು ಕಾರಣ ಇರಬಹುದು. ಇಲಿ ಕಾಟವನ್ನೂ ಮರೆಯಬೇಡಿ. ಬಾನೆಟ್ ಕೆಳಗೆ ತೆಂಗಿನ ನಾರು, ಒಣ ಎಲೆ, ಬಿಸ್ಕತ್ತಿನ ಕವರ್ ಕಂಡರೆ ಟಾರ್ಚ್ ಹಿಡಿದು ವೈರ್‌ಗಳನ್ನು ಒಂದೊಂದಾಗಿ ನೋಡಿ. ಅರ್ಧ ಕಡಿದ ವೈರ್ ಒಂದು ದಿನ ಕೆಲಸ ಮಾಡಿ ಇನ್ನೊಂದು ದಿನ ಕೈಕೊಡುತ್ತದೆ.

ಕಳ್ಳಗಾಳಿ ಅಂದ್ರಲ್ಲ, ಅದು ಬಿಸಿಯಾದ ಮೇಲೆ ಹೇಗೆ ಸರಿಹೋಗುತ್ತೆ?

ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್, ರಬ್ಬರ್ ಪೈಪ್‌ಗಳು ವರ್ಷಗಳ ಬಿಸಿಗೆ ಗಟ್ಟಿಯಾಗಿರುತ್ತವೆ. ತಣ್ಣಗಾದಾಗ ಕುಗ್ಗಿ ಕೂದಲೆಳೆಯಷ್ಟು ಸಂದು ಬಿಡುತ್ತವೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತವೆ. ಆ ಸಂದಿನಿಂದ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಬೆಳಗ್ಗೆ ಐಡ್ಲಿಂಗ್‌ನಲ್ಲಿ "ಸ್ಸ್" ಅನ್ನುವ ಸದ್ದು ಕೇಳುತ್ತದಾ ಕಿವಿಗೊಡಿ. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪನ್ನೂ ನೋಡಿ. ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವವರಿದ್ದಾರೆ, ಬೆಂಕಿಯ ಅಪಾಯ ಇರುವುದರಿಂದ ನಾನು ಅದನ್ನು ಹೇಳುವುದಿಲ್ಲ. ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್, ಅಂದರೆ ಒಳಗೆ ಹೊಗೆ ಬಿಟ್ಟು ಸೋರುವ ಜಾಗ ಹುಡುಕುವ ಪರೀಕ್ಷೆ, ಮಾಡಿಸಿ, ಅದೂ ಇಂಜಿನ್ ತಣ್ಣಗಿರುವಾಗಲೇ.

ಬೆಳಗ್ಗೆ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕು, ಆಮೇಲೂ ಎಳೆಯಲ್ಲ.

ರಾತ್ರಿ ಪೆಟ್ರೋಲ್ ಲೈನಿನ ಒತ್ತಡ ಇಳಿಯುತ್ತಿರಬಹುದು. ಕೀ ಆನ್ ಮಾಡಿ ಮೂರು ಸೆಕೆಂಡ್ ಬಿಡಿ, ಹಿಂದಿನ ಸೀಟಿನ ಕಡೆಯಿಂದ ಪಂಪ್ ಸದ್ದು ಕೇಳುತ್ತದೆ. ಆಫ್ ಮಾಡಿ. ಎರಡು ಸಲ ಹೀಗೆ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಥಟ್ ಅಂತ ಸ್ಟಾರ್ಟ್ ಆದರೆ ಪಂಪ್‌ನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವುದು) ಅಥವಾ ಸೋರುವ ಇಂಜೆಕ್ಟರ್ ಮೇಲೆ ಅನುಮಾನ ಇಡಿ. ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಜೊತೆಗಿದ್ದರೆ ಇಂಜೆಕ್ಟರ್. ಬ್ಯಾಟರಿಯನ್ನೂ ಅಳೆಯಿರಿ, ರಾತ್ರಿ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಫುಲ್, 12.2 ಅಂದರೆ ಅರ್ಧ ಖಾಲಿ.

ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದರೆ?

ಥ್ರಾಟಲ್ ಬಾಡಿ ಅಂದರೆ ಇಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಬಾಗಿಲು. ಅದಕ್ಕೆ ಮಸಿ ಕಟ್ಟಿದ್ದರೆ ಕ್ಲೀನ್ ಮಾಡಿಸಿದಾಗ ಐಡ್ಲಿಂಗ್ ಮತ್ತು ಮೊದಲ ಒತ್ತಿನ ತಡವರಿಕೆ ಸುಧಾರಿಸುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬೆರಳಿನಿಂದ ಬಲವಂತವಾಗಿ ತೆರೆಯಬೇಡಿ. ಕ್ಲೀನ್ ಆದ ಮೇಲೆ ಕೆಲವು ಕಾರುಗಳಲ್ಲಿ ಸ್ಕ್ಯಾನರ್‌ನಿಂದ ಐಡ್ಲಿಂಗ್ ಮತ್ತೆ ಕಲಿಸಬೇಕಾಗುತ್ತದೆ.

ಏರ್ ಫಿಲ್ಟರ್?

ಏರ್ ಫಿಲ್ಟರ್ ಕಟ್ಟಿದ್ದರೆ ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಎಳೆಯುವುದಿಲ್ಲ. ಬೆಳಗ್ಗೆ ಮಾತ್ರದ ತೊಂದರೆಗೆ ಅದು ಕಾರಣವಾಗುವುದು ತೀರಾ ಕಮ್ಮಿ.

ಇ20 ಪೆಟ್ರೋಲ್ ಬಂದ ಮೇಲೆ ಹೀಗಾಗ್ತಿದೆ ಅನ್ನಿಸುತ್ತೆ. ನಿಜ ಇರಬಹುದಾ?

ಇರಬಹುದು, ಅದರಲ್ಲೂ ಹಳೆಯ ಕಾರಾದರೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20, ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಅದರಲ್ಲಿರುವ ಎಥನಾಲ್ ಆವಿಯಾಗಲು, ತೂಕಕ್ಕೆ ತೂಕ ನೋಡಿದರೆ, ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಬಿಸಿ ಬೇಕು. ತಣ್ಣಗಿನ ಇಂಜಿನ್‌ನಲ್ಲಿ ಆ ಬಿಸಿ ಇರುವುದಿಲ್ಲ. ಜೊತೆಗೆ ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಅದೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಕೊಡಬೇಕು. ಬಿಸಿಯಾದ ಮೇಲೆ ಆಕ್ಸಿಜನ್ ಸೆನ್ಸಾರ್ ಇದನ್ನು ಹಿಡಿದು ತಿದ್ದುತ್ತದೆ, ಮೊದಲ ನಿಮಿಷದಲ್ಲಿ ಆಗುವುದಿಲ್ಲ. ಹಳೆಯ ಲೆಕ್ಕದಲ್ಲಿ ಟ್ಯೂನ್ ಆಗಿರುವ ಕಾರಿಗೆ ಅದು ಗೊತ್ತಾಗುತ್ತದೆ.

ಆದರೆ ಇ20 ಒಂದರಿಂದಲೇ 16 ಡಿಗ್ರಿಯಲ್ಲಿ ಗಾಡಿ ಆಫ್ ಆಗುವ ಮಟ್ಟಕ್ಕೆ ಬರುವುದಿಲ್ಲ. ಸವೆದ ಪ್ಲಗ್, ಸ್ವಲ್ಪ ಸುಳ್ಳು ಹೇಳುವ ಸೆನ್ಸಾರ್, ಹೀಗೆ ಮೊದಲೇ ಇದ್ದ ಸಣ್ಣ ತೊಂದರೆಯನ್ನು ಅದು ಎತ್ತಿ ತೋರಿಸುತ್ತದೆ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಗಾಡಿಯನ್ನು ತಿಂಗಳುಗಟ್ಟಲೆ ಕಾಲು ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ನಮ್ಮದು ಸಿಎನ್‌ಜಿ ಕಾರು.

ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಬದಲಾಗುವ ಕಾರಾದರೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ಎಷ್ಟು ಹಳೆಯದು ಅಂತ ಯೋಚಿಸಿ. ದಿನಾ ಅರ್ಧ ನಿಮಿಷ ಮಾತ್ರ ಖರ್ಚಾಗುವ ಪೆಟ್ರೋಲ್ ಆರು ತಿಂಗಳು ಅಲ್ಲೇ ಕೂತಿರುತ್ತದೆ, ಬೇಗ ಆವಿಯಾಗುವ ಅಂಶಗಳೆಲ್ಲ ಹೋಗಿರುತ್ತವೆ. ತಣ್ಣಗಿನ ಸ್ಟಾರ್ಟ್‌ಗೆ ಬೇಕಾದದ್ದೇ ಅವು. ವಾರಕ್ಕೊಮ್ಮೆ ಸ್ವಲ್ಪ ದೂರ ಪೆಟ್ರೋಲ್‌ನಲ್ಲೇ ಓಡಿಸಿ, ಟ್ಯಾಂಕ್ ಖಾಲಿ ಮಾಡಿ ಹೊಸದು ತುಂಬಿಸಿ.

ಡೀಸೆಲ್ ಗಾಡಿಗೂ ಇದೇ ಅನ್ವಯಿಸುತ್ತಾ?

ಇಲ್ಲ, ಅಲ್ಲಿ ಕಿಡಿಯೇ ಇಲ್ಲ. ತಣ್ಣಗಿನ ಸಿಲಿಂಡರನ್ನು ಒಳಗಿನಿಂದ ಕಾಯಿಸುವ ಭಾಗಕ್ಕೆ ಗ್ಯಾರೇಜಿನಲ್ಲಿ ಹೀಟರ್ ಪ್ಲಗ್ ಅಂತಾರಲ್ಲ, ಅದನ್ನು ಮೊದಲು ನೋಡಿ. ಬೆಳಗ್ಗೆ ಬಿಳಿ ಹೊಗೆ, ಒಂದು ನಿಮಿಷ ಕುಂಟುವ ಇಂಜಿನ್, ಆಮೇಲೆ ಸರಿ ಅಂದರೆ ಒಂದೆರಡು ಹೀಟರ್ ಪ್ಲಗ್ ಸುಟ್ಟಿರಬಹುದು. ವೈರ್ ಬಿಚ್ಚಿ ಅಳೆದರೆ ಒಳ್ಳೆಯದು ಸುಮಾರು ಒಂದು ಓಮ್ ಅಥವಾ ಅದಕ್ಕಿಂತ ಕಮ್ಮಿ ತೋರಿಸುತ್ತದೆ, ಸುಟ್ಟದ್ದು ಏನೂ ತೋರಿಸುವುದಿಲ್ಲ. ಮೀಟರಲ್ಲಿ ಸ್ಪ್ರಿಂಗ್ ಚಿಹ್ನೆಯ ದೀಪ ಆರುವ ತನಕ ಸೆಲ್ಫ್ ಹೊಡೆಯಬೇಡಿ. ಡೀಸೆಲ್ ಫಿಲ್ಟರ್ ಕೆಳಗೆ ಸೇರಿದ ನೀರನ್ನೂ ತೆಗೆಸಿ.

ಆಟೋಮ್ಯಾಟಿಕ್ ಕಾರಿನಲ್ಲಿ ಬೆಳಗ್ಗೆ ಆರ್‌ಪಿಎಂ ಏರುತ್ತೆ, ಸ್ಪೀಡ್ ಬರಲ್ಲ.

ಟಾರ್ಕ್ ಕನ್ವರ್ಟರ್, ಸಿವಿಟಿ ಗೇರ್‌ಬಾಕ್ಸ್‌ಗಳು ಆಯಿಲ್ ತಣ್ಣಗಿರುವಾಗ ಲಾಕ್ ಆಗದೆ, ಮೇಲಿನ ಗೇರಿಗೆ ತಡವಾಗಿ ಹೋಗುತ್ತವೆ. ಮೊದಲ ಎರಡು ಮೂರು ಕಿಲೋಮೀಟರ್ ಅಷ್ಟೇ ಆದರೆ ಬಿಡಿ. ಬಿಸಿಯಾದ ಮೇಲೂ ಹಾಗೇ ಇದ್ದರೆ ಗೇರ್‌ಬಾಕ್ಸ್ ಆಯಿಲ್ ತೋರಿಸಿ.

ಇಂಜಿನ್ ಆಯಿಲ್ ದಪ್ಪ ಹಾಕಿಸಿದರೆ ಒಳ್ಳೇದಾ?

0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಕೇಳುವ ಇಂಜಿನ್‌ಗೆ 20ಡಬ್ಲ್ಯು-50 ಹಾಕಿದರೆ ಬೆಳಗ್ಗೆ ಇಂಜಿನ್ ತಿರುಗುವುದೇ ಭಾರ, ಆಯಿಲ್ ಮೇಲೆ ತಲುಪುವುದೂ ತಡ. ಮ್ಯಾನ್ಯುಯಲ್‌ನಲ್ಲಿ ಬರೆದದ್ದನ್ನೇ ಹಾಕಿಸಿ.

ಬೆಳಗ್ಗೆ ಎಷ್ಟು ಹೊತ್ತು ಸ್ಟಾರ್ಟಲ್ಲಿ ಇಡಬೇಕು?

ಅರ್ಧ ನಿಮಿಷ ಸಾಕು, ಸೀಟ್ ಬೆಲ್ಟ್ ಹಾಕಿ ಕನ್ನಡಿ ಸರಿಮಾಡಿಕೊಳ್ಳುವಷ್ಟು. ಹತ್ತು ನಿಮಿಷ ಗೇಟ್ ಮುಂದೆ ಓಡಿಸಿ ಪಕ್ಕದ ಮನೆಯವರಿಗೆ ಹೊಗೆ ಕುಡಿಸಬೇಡಿ, ಇಂಜಿನ್ ನಿಂತಲ್ಲಿ ಕಾಯುವುದು ಬಹಳ ನಿಧಾನ. ಮೆಲ್ಲಗೆ ಓಡಿಸುತ್ತಾ ಮೊದಲ ಕೆಲವು ಕಿಲೋಮೀಟರ್ 2500 ಆರ್‌ಪಿಎಂ ದಾಟಿಸದಿದ್ದರೆ ಬೇಗ ಕಾಯುತ್ತದೆ.

ಸರಿಮಾಡಿಸುವ ತನಕ ಹೀಗೇ ಓಡಿಸಬಹುದಾ?

ಸುಮ್ನೆ ಮಂಕಾಗಿದ್ದರೆ ಕೆಲವು ದಿನ ಓಡಿಸಬಹುದು, ಆದರೆ ಹೈವೇಗೆ ಸೇರುವಾಗ, ಬಸ್ ಓವರ್‌ಟೇಕ್ ಮಾಡುವಾಗ ತಣ್ಣಗಿನ ಇಂಜಿನ್ ನಂಬಬೇಡಿ. ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೇ ಕರಗಿಸುತ್ತದೆ, ಅದರ ಬೆಲೆ ಮುಂದೆ ಕಾಯಿಲ್‌ನ ಬೆಲೆ ಏನೂ ಅಲ್ಲ.

ಇನ್ನೊಂದು ಸ್ಥಿತಿಯಲ್ಲಿ ಒಂದು ದಿನವೂ ತಡ ಬೇಡ. ಬೆಳಗ್ಗೆ ಮಿಸ್ಸಿಂಗ್ ಜೊತೆ ಸಿಹಿ ವಾಸನೆಯ ಬಿಳಿ ಹೊಗೆ ತುಂಬಾ ಹೊತ್ತು ಬರುತ್ತಿದ್ದು, ಎಲ್ಲೂ ಸೋರದೆಯೇ ಕೂಲೆಂಟ್ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗ ಮತ್ತು ಬ್ಲಾಕ್ ನಡುವಿನ ಸೀಲ್) ಹಾಳಾಗಿ ರಾತ್ರಿ ಸಿಲಿಂಡರ್ ಒಳಗೆ ಕೂಲೆಂಟ್ ಜಿನುಗುತ್ತಿರಬಹುದು. ಅಂಥ ಗಾಡಿಗೆ ಸೆಲ್ಫ್ ಕೂಡ ಹೊಡೆಯಬೇಡಿ, ಟೋ ಮಾಡಿಸಿ.